ಬಾಯ್ಗೂಡದ ಗಂಡು

ಬಾಯಿ ತೆರೆಯುವುದು ಎಷ್ಟು ದೊಡ್ಡ ಅನುಕೂಲ ಅನ್ನುವುದನ್ನು ಬಾಯಿ ತೆರೆಯಬಲ್ಲವರು ಯಾರೂ ಯೋಚಿಸಿರುವುದಿಲ್ಲ. ಆಕಳಿಸುತ್ತಾರೆ, ಬೈಯುತ್ತಾರೆ, ಮುದ್ದೆ ನುಂಗುತ್ತಾರೆ, ಬೆಳಗ್ಗೆ ಎದ್ದು ಬಚ್ಚಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ನಾಲಿಗೆ ಉಜ್ಜುತ್ತಾರೆ. ಇದೆಲ್ಲ ತಮ್ಮ ಹುಟ್ಟುಹಕ್ಕು ಅಂತಲೇ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಹೊಸಕೋಟೆಯ ಕಚೇರಿಯೊಂದರಲ್ಲಿ ಹೊಸದಾಗಿ ಗುಮಾಸ್ತನಾಗಿ ಸೇರಿದ್ದೆ. ಒಂದು ಬೆಳಗ್ಗೆ ಎದ್ದು ಆಕಳಿಸಲು ಹೋದರೆ ಬಾಯಿ ಅರ್ಧಕ್ಕೇ ನಿಂತುಬಿಟ್ಟಿತು. ಬಲವಂತ ಮಾಡಿದೆ. ಎಡದವಡೆಯ ಮೂಲೆಯಿಂದ ಹೊರಟ ನೋವು ಕಿವಿಯೊಳಕ್ಕೆ ಹೋಗಿ, ಅಲ್ಲಿಂದ ನೆತ್ತಿಗೇರಿ, ಕಣ್ಣಲ್ಲಿ ನೀರಾಗಿ ಇಳಿಯಿತು. ಅರ್ಧ ಆಕಳಿಕೆ ಒಳಗೇ ಉಳಿಯಿತು. ಅದನ್ನು ಪೂರ್ತಿ ಮಾಡುವಷ್ಟರಲ್ಲಿ ನನ್ನ ಮದುವೆಯೇ ಮುರಿದುಬೀಳುವುದರಲ್ಲಿತ್ತು.

ಮದುವೆಯ ವಿಚಾರ ಮೊದಲು ಹೇಳಿಬಿಡುತ್ತೇನೆ, ಹಲ್ಲು ಎಲ್ಲರಿಗೂ ನೋಯುತ್ತದೆ. ನಮ್ಮದು ಜಡಿಗೇನಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಮನೆ, ಹೊಲ, ಹಿಪ್ಪುನೇರಳೆ ತೋಟ ಎಲ್ಲ ನೋಡಿಕೊಳ್ಳುತ್ತಿದ್ದವರು ಅವ್ವ ಮತ್ತು ಅಣ್ಣ. ನಾಲ್ಕಕ್ಷರ ಕಲಿತ ತಪ್ಪಿಗೆ ನನ್ನನ್ನು ಕಚೇರಿಗೆ ಅಟ್ಟಿದ್ದರು. ಬೂದಿಗೆರೆಯಲ್ಲಿ ಒಂದು ಹೆಣ್ಣಿದೆ ಅಂತ ಗೊತ್ತಾಗಿ ಮೂವರೂ ಗಾಡಿ ಕಟ್ಟಿಕೊಂಡು ನೋಡಿ ಬಂದಿದ್ದೆವು. ಹುಡುಗಿಯ ಹೆಸರು ಗೌರಮ್ಮ. ಅವಳ ತಂದೆ ತೀರಾ ಮೆತ್ತಗಿನ ಮನುಷ್ಯ, ಏನು ಕೇಳಿದರೂ "ನಮ್ಮ ಬಾಮೈದ ಹೇಳಿದಂಗೆ" ಅನ್ನುವರು. ಆ ಬಾಮೈದ, ಅಂದರೆ ಹುಡುಗಿಯ ಸೋದರಮಾವ ಪಿಳ್ಳೇಗೌಡರು, ದನದ ದಲ್ಲಾಳಿ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು, ಹೆಗಲ ಮೇಲೆ ಕೆಂಪಂಚಿನ ಟವಲ್ಲು. ಅವತ್ತು ನಮ್ಮನ್ನು ಕೂರಿಸಿಕೊಂಡು, ಒಂದು ಕುರುಡು ಎತ್ತನ್ನು ತಾವು ಹೇಗೆ ಕಣ್ಣಿರುವ ಎತ್ತಿನ ಬೆಲೆಗೆ ಮಾರಿದೆವು ಅಂತ ಹೇಳುತ್ತಿದ್ದರು. ಅವ್ವ, ಅಣ್ಣ ಇಬ್ಬರೂ ಭಕ್ತಿಯಿಂದ ಕೇಳುತ್ತಿದ್ದರು. ಗೌರಮ್ಮ ಕಂಬದ ಪಕ್ಕ ನಿಂತು, ಆ ಕಥೆಯನ್ನು ಸಾವಿರ ಸಲ ಕೇಳಿದವಳ ಹಾಗೆ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅದನ್ನು ನಾನು ನೋಡಿದ್ದನ್ನು ಅವಳೂ ನೋಡಿದಳು. ಅಷ್ಟೇ ನಡೆದದ್ದು. ನನಗೆ ಮಾತ್ರ ಮದುವೆ ಅಂತ ಆದರೆ ಇವಳನ್ನೇ ಅನ್ನಿಸಿಬಿಟ್ಟಿತು. ದಾರಿಯಲ್ಲಿ ಅವ್ವ "ಏನೋ, ಒಪ್ಪಿಗೆಯೇನೋ?" ಅಂತ ಕೇಳಿದರೆ "ನಿಮ್ಮಿಷ್ಟ" ಅಂದೆ. ಆಸೆ ಹೇಳಿಕೊಳ್ಳುವುದರಲ್ಲಿ ನನ್ನ ಧೈರ್ಯ ಅಷ್ಟಕ್ಕೇ ಮುಗಿಯುತ್ತಿತ್ತು.

ಇನ್ನು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರಬೇಕು, ಊಟ ಮಾಡಬೇಕು, ಒಪ್ಪಿದರೆ ವೀಳ್ಯ ಬದಲಾಯಿಸಬೇಕು. ಅವರು ಬರುವ ವಾರವೇ ನನ್ನ ಬಾಯಿ ಬೀಗ ಹಾಕಿಕೊಂಡದ್ದು. ಎಡಗೆನ್ನೆ ಊದಿ ಹಲಸಿನ ತೊಳೆ ಇಟ್ಟುಕೊಂಡ ಹಾಗೆ ಆಯಿತು. ಹಲ್ಲುನೋವಿಗೆ ಔಷಧಿ ಗೊತ್ತಿಲ್ಲದ ಮನುಷ್ಯ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬರು ಎಕ್ಕದೆಲೆ ಕಾಯಿಸಿ ಇಡು ಅಂದರು, ಇನ್ನೊಬ್ಬರು ಸೀಬೆ ಎಲೆ ಕಷಾಯ ಅಂದರು. ಮೂರನೆಯವರು ಬಂದು ಮೊದಲಿನ ಇಬ್ಬರನ್ನೂ ಬೈದು, ಇದು ಹಲ್ಲಿನ ಹುಳು, ಗುಳ್ಳದ ಬೀಜದ ಹೊಗೆ ಹಿಡಿಸಿದರೆ ಹುಳು ಪಟಪಟನೆ ಉದುರುತ್ತದೆ ಅಂದರು. ಕೆಂಡ ತರಲು ಹೋದರೆ ಅವ್ವ ಅಡ್ಡ ನಿಂತಳು. ಮನೆಯೊಳಗೆ ತಟ್ಟೆಗಳ ತುಂಬ ರೇಷ್ಮೆಹುಳು, ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೇ ನಿದ್ದೆ, ಮುಗಿಸಿ ಎದ್ದು ಮೇಯಲು ಶುರುಮಾಡಿದ್ದವು. ಆಕಾಶದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕಂತೆ ಅಂತ ಆ ವರ್ಷ ಗೂಡಿಗೆ ಎಲ್ಲಿಲ್ಲದ ಮರ್ಯಾದೆ. ಹೊಗೆ ತಾಕಿದರೆ ಹುಳು ಸಾಯುತ್ತದೆ. "ಒಂದು ಹುಳ ಉದುರಿಸೋಕೆ ಮನೆ ತುಂಬ ಇರೋ ಹುಳ ಸಾಯಿಸ್ತೀಯೇನೋ? ಹೋಗು, ಕೊಟ್ಟಿಗೇಲಿ ಮಾಡ್ಕೋ" ಅಂದಳು. ಲವಂಗದ ಎಣ್ಣೆ ಹಚ್ಚಿಕೊಂಡು ಒಳಗೆ ಬಂದರೂ ಅದೇ ಬೈಗುಳ, ವಾಸನೆಯೂ ಹುಳಕ್ಕೆ ಆಗದು. ಕೊಟ್ಟಿಗೆಯಲ್ಲಿ ಕಂಬಳಿ ಮುಸುಕು ಹಾಕಿಕೊಂಡು ಹೊಗೆ ಕುಡಿದೆ. ಹುಳು ಉದುರಲಿಲ್ಲ, ಕೆಮ್ಮು ಬಂತು, ಕೆಮ್ಮುವುದಕ್ಕೂ ಬಾಯಿ ತೆರೆಯಬೇಕಲ್ಲ.

ಕೊನೆಗೆ ಹೊಸಕೋಟೆಯಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಕಡ್ಡಿಯಿಂದ ಕೆನ್ನೆ ಸರಿಸಿ ಇಣುಕಿ, "ಇದು ಬುದ್ಧಿಹಲ್ಲಪ್ಪ. ನೆಟ್ಟಗೆ ಮೇಲೆ ಬರೋದು ಬಿಟ್ಟು ಒಳಗೇ ಅಡ್ಡ ಮಲಗಿದೆ. ಮುಂದಿನ ಹಲ್ಲನ್ನು ಒದೀತಾ ಇದೆ. ಇದು ಯಾವತ್ತೂ ಮೇಲೆ ಬರೋಲ್ಲ. ಕೀಳಿಸಿಬಿಡು, ಇಲ್ಲಾಂದ್ರೆ ಪಕ್ಕದ ಹಲ್ಲೂ ಹೋಗುತ್ತೆ, ಕೀವೂ ಆಗುತ್ತೆ. ದಂಡಿನಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಅಲ್ಲಿಗೆ ಹೋಗು" ಅಂದರು. ದಂಡು ಅಂದರೆ ಬೆಂಗಳೂರು ಕಂಟೋನ್ಮೆಂಟು. "ಹೇಗೆ ಕೀಳ್ತಾರೆ?" ಅಂತ ಹಲ್ಲು ಕಚ್ಚಿಕೊಂಡೇ ಕೇಳಿದೆ. "ಮಲಗಿರೋ ಹಲ್ಲಲ್ವಾ, ಸ್ವಲ್ಪ ಉಳಿ, ಸುತ್ತಿಗೆ ಬೇಕಾಗುತ್ತೆ" ಅಂದರು. ನನಗೆ ತಕ್ಷಣ ನೋವು ಬಹಳ ಕಡಿಮೆಯಾದಂತೆ ಅನ್ನಿಸಿತು. ಬೀಗರು ಬಂದು ಹೋಗಲಿ, ಆಮೇಲೆ ನೋಡಿದರಾಯಿತು ಅಂತ ಮನೆಗೆ ಬಂದೆ. ಇಂಥ "ಆಮೇಲೆ"ಗಳು ನನ್ನ ಜೀವನದಲ್ಲಿ ಬೇಕಾದಷ್ಟಿವೆ.

ಬೀಗರು ಬಂದರು. ಹುಡುಗಿಯ ತಂದೆ, ಪಿಳ್ಳೇಗೌಡರು, ಜೊತೆಗೆ ಊರಿನ ಒಬ್ಬಿಬ್ಬರು ಹಿರಿಯರು. ನಾನು ಕೆನ್ನೆಗೆ ಟವಲ್ಲು ಸುತ್ತಿಕೊಂಡು, ಒಳ್ಳೆಯ ಅಳಿಯನ ಹಾಗೆ ತಲೆ ತಗ್ಗಿಸಿ ಕೂತೆ. ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಎಲ್ಲರೂ ಉಣ್ಣುತ್ತಿದ್ದರೆ ನಾನು ಹೋಳಿಗೆಯನ್ನು ನೋಡುತ್ತಿದ್ದೆ. "ಯಾಕಪ್ಪಾ ಉಣ್ತಿಲ್ಲ?" ಅಂದರು ಪಿಳ್ಳೇಗೌಡರು. ಅಣ್ಣ "ಹಲ್ಲುನೋವು ಗೌಡ್ರೇ" ಅಂದ. ಆ ಮಾತು ಕೇಳಿದ್ದೇ ತಡ, ಊಟ ಮುಗಿಸಿ ಕೈ ತೊಳೆದು ಬಂದ ಗೌಡರು ನೇರವಾಗಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ನನ್ನ ಗದ್ದ ಹಿಡಿದು, ಬಲಗೈ ಹೆಬ್ಬೆರಳಲ್ಲಿ ಕೆಳತುಟಿಯನ್ನು ಪಟ್ಟನೆ ಕೆಳಗೆ ಮಡಚಿದರು! ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಮಾಡಿದ್ದಲ್ಲ. ಇಷ್ಟು ವರ್ಷ ಸಂತೆಯಲ್ಲಿ ಎತ್ತಿನ ಬಾಯಿ ನೋಡಿದ ಕೈ, ತಾನಾಗಿಯೇ ಬಂದುಬಿಟ್ಟಿತ್ತು. ಎತ್ತುಗಳು ಈ ಅವಮಾನವನ್ನು ಹೇಗೆ ಸಹಿಸುತ್ತವೋ ನನಗೆ ತಿಳಿಯದು. ನಾನಂತೂ ಕಣ್ಣು ಮುಚ್ಚಿಕೊಂಡೆ. ಗೌಡರು ಅಷ್ಟಕ್ಕೆ ಬಿಡದೆ ಕೆನ್ನೆಯನ್ನು ಬೆರಳಿಂದ ಎಳೆದು ಹಿಂದಕ್ಕೆಲ್ಲ ಇಣುಕಿದರು.

"ಬಾಯ್ಗೂಡಿಲ್ಲ" ಅಂದರು.

ಒಳಗೆ ಹುಳು ಸೊಪ್ಪು ಮೇಯುವ ಸದ್ದು ಮಾತ್ರ. ದನ ಕಟ್ಟಿದವರಿಗೆಲ್ಲ ಗೊತ್ತು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಅಂತ ಎಣಿಸಿ ಎತ್ತಿನ ವಯಸ್ಸು ಹೇಳುತ್ತಾರೆ. ಎಲ್ಲ ಹಲ್ಲೂ ಬಂದು ಸಾಲು ತುಂಬಿದರೆ ಬಾಯ್ಗೂಡಿತು ಅಂತ, ಪೂರ್ತಿ ನೊಗಕ್ಕೆ ಕಟ್ಟಬಹುದು ಅಂತ ಅರ್ಥ. "ಹುಡುಗನಿಗೆ ವಯಸ್ಸು ಎಷ್ಟು ಅಂದ್ರಿ?" ಅಂತ ಗೌಡರು ಅವ್ವನನ್ನು ಕೇಳಿದರು. "ಇಪ್ಪತ್ನಾಲ್ಕು." "ಹೆಂಗೆ ಹೇಳ್ತೀರಿ?" "ನಮ್ಮ ಕೆರೆ ಕೋಡಿ ಹರಿದ ವರ್ಷ ಹುಟ್ಟಿದ್ದು." "ಕೆರೆ ಒಂದೇ ಸಲ ಕೋಡಿ ಹರೀತಾ ತಾಯಿ? ಯಾವ ಕೋಡಿ?" ಅವ್ವ ಬೆರಳು ಮಡಚಿ ಎಣಿಸತೊಡಗಿದಳು. ಗೌಡರು ಹೇಳಿದರು: "ನಂಗೆ ಹದಿನೆಂಟಕ್ಕೆಲ್ಲ ಕಡೇ ಹಲ್ಲು ಬಂದಿತ್ತು. ಇವನಿಗಿನ್ನೂ ಮೊಳಕೇನೇ ಒಡೆದಿಲ್ಲ. ಹದಿನೇಳು ದಾಟಿರಾಕಿಲ್ಲ ಈ ಹುಡುಗ. ನಮ್ಮ ಗೌರಮ್ಮಂಗೆ ಹದಿನೆಂಟು. ಹುಡುಗಿಗಿಂತ ಚಿಕ್ಕ ಗಂಡು ತಂದ್ರೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?" ಕಚೇರಿಯಲ್ಲಿ ನನ್ನ ವಯಸ್ಸು ಬರೆದಿದೆ ಅಂತ ಅಣ್ಣ ಹೇಳಿ ನೋಡಿದ. "ಅದು ಇಸ್ಕೂಲು ಮೇಷ್ಟ್ರು ಬಾಯಿಗೆ ಬಂದಿದ್ದು ಬರೆದಿರೋದು, ನನಗೆ ಗೊತ್ತಿಲ್ವಾ" ಅಂದರು. ಇದು ನಿಜವೂ ಆಗಿತ್ತು. ಆಗ ಅಣ್ಣ ಪಾಪ, ಒಳ್ಳೆಯದಾಗಲಿ ಅಂತಲೇ, "ಆ ಹಲ್ಲು ಮೇಲೆ ಬರೋದೇ ಇಲ್ವಂತೆ ಗೌಡ್ರೇ, ಕೀಳಿಸಬೇಕು ಅಂತ ಡಾಕ್ಟ್ರು ಹೇಳಿದ್ದಾರೆ" ಅಂದುಬಿಟ್ಟ. ಗೌಡರ ಮೀಸೆ ಮೇಲಕ್ಕೆದ್ದಿತು. "ಆಹಾ! ವಯಸ್ಸು ಮರೆಸೋಕೆ ಎತ್ತಿನ ಹಲ್ಲು ಅರದಲ್ಲಿ ಉಜ್ಜೋರ್ನ, ಕೀಳೋರ್ನ ಎಷ್ಟು ಜನರ್ನ ನೋಡಿಲ್ಲ ನಾನು? ಕಿತ್ತಿರೋ, ಈ ಸಂಬಂಧ ಮರೆತುಬಿಡಿ. ಯುಗಾದಿಗೆ ಬರ್ತೀನಿ. ಅಷ್ಟೊತ್ತಿಗೆ ಆ ಹಲ್ಲು ಮೇಲೆ ಬಂದಿದ್ರೆ ವೀಳ್ಯ ಬದಲಾಯಿಸೋಣ. ಬರ್ಲಿಲ್ಲಾಂದ್ರೆ ಇನ್ನೊಂದು ವರ್ಷ ಮೇಯ್ಲಿ ಬಿಡಿ" ಅಂತ ಎದ್ದು ಹೊರಟರು.

ನನ್ನ ಪಾಡು ಯೋಚಿಸಿ. ಹಲ್ಲು ಮೇಲೆ ಬರುವುದಿಲ್ಲ ಅಂತ ಡಾಕ್ಟರು, ಬರದೆ ಹೆಣ್ಣು ಕೊಡುವುದಿಲ್ಲ ಅಂತ ಗೌಡರು. ಕಿತ್ತರೆ ಗೌರಮ್ಮ ಇಲ್ಲ, ಕೀಳದಿದ್ದರೆ ದವಡೆ ಇಲ್ಲ. ನಾನು ದಿನಾ ಬೆಳಗ್ಗೆ ಕನ್ನಡಿ ಹಿಡಿದು, ಹೊಲದಲ್ಲಿ ಬಿತ್ತಿದ ರಾಗಿ ನೋಡಲು ಹೋದವನ ಹಾಗೆ, ಹಲ್ಲು ಏನಾದರೂ ಎದ್ದಿದೆಯೇ ಅಂತ ನೋಡುತ್ತಿದ್ದೆ. ಊರ ದೇವರಿಗೆ ಹರಕೆಯನ್ನೂ ಹೊತ್ತೆ. ಹಲ್ಲು ಬೀಳಲಿ ಅಂತ ಹರಕೆ ಹೊರುವವರಿದ್ದಾರೆ, ಏಳಲಿ ಅಂತ ಹೊತ್ತವನು ನಾನೊಬ್ಬನೇ ಇರಬೇಕು. ರಾಗಿಗಂಜಿಯನ್ನು ಹಲ್ಲುಸಂದಿಯಲ್ಲಿ ಹೀರಿಕೊಂಡು ಕೂತಿದ್ದರೆ ಪಕ್ಕದ ತಟ್ಟೆಗಳಲ್ಲಿ ಹುಳುಗಳು ಮಳೆ ಬಂದ ಹಾಗೆ ಚರಚರ ಸೊಪ್ಪು ಮೇಯುತ್ತಿದ್ದವು. ಹುಳು ಕಂಡು ಹೊಟ್ಟೆ ಉರಿದುಕೊಂಡ ಮನುಷ್ಯ ನಾನು. ಒಂದು ಮಾತು ಮಾತ್ರ ಹೇಳಿಕೊಳ್ಳಬೇಕು. ಉಳಿ, ಸುತ್ತಿಗೆಯ ಭಯಕ್ಕೆ ನನಗೆ ಒಂದು ಘನವಾದ ಕಾರಣ ಸಿಕ್ಕಿತ್ತು. ಯಾರಾದರೂ "ಕೀಳಿಸಬಾರದೇ?" ಅಂದರೆ, ಪ್ರೇಮಕ್ಕಾಗಿ ನೋವು ತಿನ್ನುವವನ ಮುಖ ಮಾಡಿ ಸುಮ್ಮನಿರುತ್ತಿದ್ದೆ. ಆದರೆ ನೋವು ನಾಟಕವಾಗಿರಲಿಲ್ಲ. ಮತ್ತೆ ಮತ್ತೆ ಊದಿಕೊಂಡು ಜ್ವರ ಬರತೊಡಗಿತು, ಗಂಜಿ ಇಳಿಯುವುದೂ ಕಷ್ಟವಾಯಿತು, ಸೋತು ಸುಣ್ಣವಾದೆ.

ಹೀಗಿರುವಾಗ ಒಂದು ದಿನ ಕಚೇರಿಯ ಬಾಗಿಲಲ್ಲಿ ಕೆಂಪಂಚಿನ ಟವಲ್ಲು ಕಾಣಿಸಿತು. ಪಿಳ್ಳೇಗೌಡರು! ಯುಗಾದಿ ಇನ್ನೂ ದೂರವಿತ್ತು. ಹಿಂದೆ ಅಣ್ಣನೂ ಇದ್ದ, ಗೂಡು ಬಿಡಿಸಿ ಮಾರಿ ಆಗಿತ್ತು, ಅವನಿಗೆ ಪುರುಸೊತ್ತಿತ್ತು. "ಏಳಪ್ಪಾ, ಹೋಗೋಣ" ಅಂದರು ಗೌಡರು. "ಎಲ್ಲಿಗೆ?" "ದಂಡಿಗೆ. ಹಲ್ಲು ಕೀಳಿಸೋಕೆ." ನನಗೆ ನಂಬಿಕೆಯಾಗಲಿಲ್ಲ. ಸಂಬಂಧ ಮುರಿದುಕೊಳ್ಳಲು ಇದು ಹೊಸ ಉಪಾಯವಿರಬೇಕು ಅಂದುಕೊಂಡೆ. ಸಾಹೇಬರಿಗೆ ಹೇಳಿ ಅವರ ಹಿಂದೆ ಬಸ್ಸಿನ ಹತ್ತಿರ ಹೋದೆ. ಆಗ ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗುತ್ತಿದ್ದುದರಿಂದ ನಮ್ಮ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಹಿಂದುಗಡೆ ಒಲೆಯಂಥ ಒಂದು ಡಬ್ಬ, ಅದಕ್ಕೆ ಗಾಳಿ ತಿರುಗಿಸುವವನೊಬ್ಬ. ಏರು ಬಂದರೆ ಬಸ್ಸು ನಿಲ್ಲುವುದು, ಗಂಡಸರೆಲ್ಲ ಇಳಿದು ತಳ್ಳಬೇಕು. ನಾನೂ ಊದಿದ ಕೆನ್ನೆ ಹೊತ್ತುಕೊಂಡು ತಳ್ಳಿದೆ. ಪಕ್ಕದಲ್ಲಿ ತಳ್ಳುತ್ತಿದ್ದ ಗೌಡರು ಇದ್ದಕ್ಕಿದ್ದ ಹಾಗೆ ಶುರುಮಾಡಿದರು.

"ನಮ್ಮ ಹುಡುಗಿ ಜಗಳ ತೆಗೆದ್ಲಪ್ಪ. ನಿಮ್ಮೂರಿಂದ ಬಂದು ಎಲ್ಲ ಹೇಳಿದೆ ನೋಡು. ಒಂದೆರಡು ವಾರ ಸುಮ್ನಿದ್ಲು. ಮೊನ್ನೆ ನಿನಗೆ ಜ್ವರ ಅಂತ ಸುದ್ದಿ ಬಂತು. ಬಂದು ನನ್ನ ಮುಂದೆ ನಿಂತ್ಲು. 'ಮಾವ, ಅವರ ಬಾಯಿ ನೋಡಿದ್ರಲ್ಲ, ನೋವಿದೆಯಾ ಅಂತ ಕೇಳಿದ್ರಾ?' ಅಂದ್ಲು. ಇಲ್ಲ ಅಂದೆ. 'ಯುಗಾದಿಗಂಟ ಆ ನೋವು ಇಟ್ಕೊಂಡಿರು ಅಂದ್ರಾ?' ಅಂದ್ಲು. ಹೂಂ ಅಂದೆ. 'ಎತ್ತಿಗಾಗಿದ್ರೆ ಹಿಂಗೆ ಮಾಡ್ತಿದ್ರಾ?' ಅಂದ್ಲು."

"ಏನಂದ್ರಿ?"

"ಏನನ್ನೋದು? ಎತ್ತಿಗಾಗಿದ್ರೆ ಅವತ್ತೇ ದನದ ಡಾಕ್ಟ್ರ ಹತ್ರ ಹೊಡ್ಕೊಂಡು ಹೋಗ್ತಿದ್ದೆ. 'ಮೊದ್ಲು ಹಲ್ಲು ಕೀಳಿಸಿ ಬನ್ನಿ, ವಯಸ್ಸು ಆಮೇಲೆ ನೋಡೋರಂತೆ' ಅಂತ ಹೇಳಿ ಒಳಗೆ ಹೋದ್ಲು. ಅವಳು ಹಂಗೆ ಹೇಳಿದ ಮೇಲೆ ನಮ್ಮ ಮನೇಲಿ ಯಾರೂ ಮಾತಾಡಾಕಿಲ್ಲ. ತಳ್ಳು, ತಳ್ಳು, ಬಸ್ಸು ಹಿಂದಕ್ಕೆ ಬರ್ತದೆ."

ನನಗೆ ಅಳು ಬಂದುಬಿಟ್ಟಿತು. ಇಷ್ಟು ದಿನ ಎಷ್ಟು ಜನ ನನ್ನ ಬಾಯೊಳಗೆ ಇಣುಕಿದ್ದರು! ಒಬ್ಬರೂ ನೋವಿದೆಯೇ ಅಂತ ಕೇಳಿರಲಿಲ್ಲ, ಇದೆ ಅಂತ ತಿಳಿದೇ ಮುಂದಿನ ಮಾತಿಗೆ ಹೋಗುತ್ತಿದ್ದರು. ಅವಳು ಬೂದಿಗೆರೆಯಲ್ಲಿ ಕೂತು ಕೇಳಿದ್ದಳು. ಈ ಹುಡುಗಿಗಾಗಿ ಉಳಿ ಸುತ್ತಿಗೆ ಹಾಗಿರಲಿ, ಹಾರೆ ತಂದರೂ ಬಾಯಿ ಕೊಡುತ್ತೇನೆ ಅಂತ ಆ ಏರಿನಲ್ಲೇ ತೀರ್ಮಾನ ಮಾಡಿದೆ. ದಂಡು ಹತ್ತಿರವಾಗುತ್ತಿದ್ದಂತೆ ಹಾರೆಯ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ, ಉಳಿದ ತೀರ್ಮಾನ ಹಾಗೇ ಇಟ್ಟುಕೊಂಡೆ.

ಹಲ್ಲಿನ ಡಾಕ್ಟರು ತಮಿಳು ಬೆರೆತ ಕನ್ನಡ ಮಾತಾಡುವ ವಯಸ್ಸಾದವರು. "ಒಣ್ಣೂ ಆಗೋದಿಲ್ಲ ತಂಬಿ, ಕೂತ್ಕೋ" ಅಂತ ಕುರ್ಚಿಯಲ್ಲಿ ಕೂರಿಸಿ ದವಡೆಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ನನ್ನ ಅರ್ಧ ಮುಖ ಯಾರದೋ ಮುಖ ಅನ್ನಿಸತೊಡಗಿತು. ಪಿಳ್ಳೇಗೌಡರು ಹೊರಗೆ ಹೋಗಲು ಒಪ್ಪಲಿಲ್ಲ. "ನೀವು ಯಾರು?" ಅಂತ ಡಾಕ್ಟರು ಕೇಳಿದರೆ "ಹೆಣ್ಣಿನ ಕಡೆಯೋರು" ಅಂದರು. ಡಾಕ್ಟರಿಗೆ ಅದು ಏನು ಅರ್ಥವಾಯಿತೋ, ಇರಲಿ ಅಂದರು. ಗೌಡರು ನನ್ನ ಹಿಂದೆ ನಿಂತು, ಎತ್ತಿಗೆ ಲಾಳ ಕಟ್ಟುವಾಗ ಹಿಡಿಯುವ ಹಾಗೆ ನನ್ನ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಟಕ್ ಟಕ್ ಅಂತ ಸುತ್ತಿಗೆ ಶುರುವಾಯಿತು. ಸದ್ದು ತಲೆಬುರುಡೆಯೊಳಗೆಲ್ಲ ಕೇಳುತ್ತಿತ್ತು, ನೋವು ಮಾತ್ರ ಎಲ್ಲೋ ದೂರದಲ್ಲಿತ್ತು. "ಹೋ, ಹೋ, ಹಂಗೇ, ಹಂಗೇ" ಅಂತ ಗೌಡರು ನನ್ನ ಕತ್ತು ಸವರುತ್ತಿದ್ದರು. ನಿಜ ಹೇಳುತ್ತೇನೆ, ಅದರಿಂದ ಬಹಳ ಸಮಾಧಾನವಾಯಿತು. ನಾನು ವಾರಗಟ್ಟಲೆ ಹೆದರಿದ ಕೆಲಸ ಒಂದು ಒಳ್ಳೆಯ ಕ್ಷೌರ ಮಾಡಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಯಿತು. ಬಾಯಿಗೆ ಹತ್ತಿ ತುರುಕಿ, ಸಂಜೆವರೆಗೂ ಮಾತಾಡಕೂಡದು ಅಂದರು.

ಹಲ್ಲನ್ನು ಗೌಡರು ಡಾಕ್ಟರ ಕೈಯಿಂದ ಇಸಿದುಕೊಂಡು ಹೊರಗೆ ಜಗಲಿಯ ಬಿಸಿಲಿಗೆ ತಂದರು. ತಿರುಗಿಸಿ, ಮುರುಗಿಸಿ, ಉಗುರಲ್ಲಿ ಗೀರಿ ನೋಡಿದರು. "ಬೇರು ಚೆನ್ನಾಗಿ ಬಲಿತಿದೆ" ಅಂದರು. "ಇದು ಎಳೇ ಹಲ್ಲಲ್ಲ. ಹದಿನೇಳು ಅಂದದ್ದು ನನ್ನ ತಪ್ಪು." ಅಣ್ಣನ ಮುಖ ಅರಳಿತು, ನನ್ನದೂ ಅರಳಬೇಕೆಂದು ಪ್ರಯತ್ನಿಸಿತು, ಅರ್ಧ ಅರಳಿತು. "ಆದ್ರೆ" ಅಂದರು ಗೌಡರು, "ಈ ಬೇರು ನೋಡಿದ್ರೆ ಮೂವತ್ತಕ್ಕೆ ಕಮ್ಮಿ ಇಲ್ಲ. ನಮ್ಮ ಹುಡುಗಿಗೆ ವಯಸ್ಸಾದ ಗಂಡಾಯ್ತಲ್ಲಪ್ಪ." ಅಣ್ಣನಿಗೆ ರೇಗಿಹೋಯಿತು. "ಮೂವತ್ತು ನಂಗೇ ಆಗಿಲ್ಲ ಗೌಡ್ರೇ! ನಾನು ಇವನಿಗೆ ಅಣ್ಣ!" "ಎಲ್ಲಿ, ನಿನ್ನ ಬಾಯಿ ತೋರ್ಸು" ಅಂದರು ಗೌಡರು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಹದಿನೇಳಾದರೂ ಮದುವೆ ಇಲ್ಲ, ಮೂವತ್ತಾದರೂ ಇಲ್ಲ. ಹತ್ತಿ ಕಚ್ಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತೆ. ಹಲ್ಲು ಹೋಯಿತು, ಗೌರಮ್ಮನೂ ಹೋದಳು ಅನ್ನಿಸಿತು. ಬಾಯಿದ್ದರೂ ಬೇಡಿಕೊಳ್ಳುವ ಹಾಗಿರಲಿಲ್ಲ.

ನನ್ನ ಮುಖ ನೋಡಿ ಗೌಡರಿಗೆ ಏನನ್ನಿಸಿತೋ, ಹೆಗಲ ಟವಲ್ಲು ತೆಗೆದು ಕೊಡವಿದರು. "ಬಾರಪ್ಪ ಇಲ್ಲಿ" ಅಂತ ಅಣ್ಣನ ಬಲಗೈ ಹಿಡಿದು ಅದರ ಮೇಲೆ ತಮ್ಮ ಕೈ ಇಟ್ಟು, ಎರಡರ ಮೇಲೂ ಟವಲ್ಲು ಹೊದಿಸಿದರು. ಸಂತೆಯಲ್ಲಿ ಎತ್ತಿನ ವ್ಯಾಪಾರ ಹೀಗೇ. ಬಾಯಲ್ಲಿ ಬೆಲೆ ಹೇಳುವಂತಿಲ್ಲ, ಟವಲ್ಲಿನ ಕೆಳಗೆ ಬೆರಳು ಹಿಡಿದು ಹೇಳಬೇಕು. ದಂಡಿನ ಆ ಜಗಲಿಯಲ್ಲಿ, ಹಲ್ಲು ಹಿಡಿದುಕೊಂಡು ಕಾದಿದ್ದ ರೋಗಿಗಳೆಲ್ಲ ತಮ್ಮ ನೋವು ಮರೆತು ನೋಡುತ್ತಿದ್ದಂತೆ, ನನ್ನ ವಯಸ್ಸಿನ ವ್ಯಾಪಾರ ಶುರುವಾಯಿತು. ಗೌಡರು ಮೂವತ್ತರಿಂದ ಇಳಿಯಬೇಕು, ಅಣ್ಣ ಇಪ್ಪತ್ನಾಲ್ಕರಿಂದ ಏರಬೇಕು. "ಇದು ಆಗಾಕಿಲ್ಲ" ಅನ್ನುವರು ಒಬ್ಬರು. "ಹುಡುಗನ ಬಣ್ಣ ನೋಡಿ, ಗೌರ್ಮೆಂಟು ಕೆಲಸ ನೋಡಿ" ಅನ್ನುವನು ಇನ್ನೊಬ್ಬ. ಟವಲ್ಲು ಏಳುವುದು, ಬೀಳುವುದು. ಅಣ್ಣ ಒಮ್ಮೆ ಕೈ ಕಿತ್ತುಕೊಂಡು ಹೊರಟೇಬಿಟ್ಟ, ಗೌಡರು ಎಳೆದು ನಿಲ್ಲಿಸಿದರು. ಗೌಡರು ಒಮ್ಮೆ ಹೊರಟರು, ಅಣ್ಣ ಎಳೆದ. ಕೊನೆಗೆ ಗೌಡರು "ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ" ಅಂತ ಒಂದು ಸಲ ಗಟ್ಟಿಯಾಗಿ ಬೆರಳು ಅದುಮಿ ಟವಲ್ಲು ಸೆಳೆದರು. ಇಬ್ಬರೂ ನಗುತ್ತಿದ್ದರು. "ಆಯ್ತು. ವೀಳ್ಯಕ್ಕೆ ದಿನ ನೋಡಿ" ಅಂದರು. ನಾನು ಎದ್ದು ನಿಂತು ಬೆರಳು ಆಡಿಸಿ, ಎಷ್ಟಕ್ಕೆ ಕುದುರಿತು ಅಂತ ಕೇಳಿದೆ. ಗೌಡರು ಟವಲ್ಲನ್ನು ಹೆಗಲಿಗೆ ಹಾಕಿಕೊಂಡು, "ಎತ್ತಿಗೆ ಅದನ್ನೆಲ್ಲ ಯಾರಾದ್ರೂ ಹೇಳ್ತಾರೇನಪ್ಪಾ?" ಅಂದರು.

ಮದುವೆ ಆ ಬೇಸಿಗೆಯಲ್ಲೇ ಆಯಿತು. ಹೋಳಿಗೆಯನ್ನು ಎರಡೂ ದವಡೆಯಲ್ಲಿ ಅಗಿದು ತಿಂದೆ. ಗೌರಮ್ಮನ ಜೊತೆ ಸಂಸಾರ ಸುಖವಾಗಿ ನಡೆದಿದೆ. ಪಿಳ್ಳೇಗೌಡರೂ ಅಣ್ಣನೂ ಆ ಅಂಕಿಯನ್ನು ಯಾರಿಗೂ ಹೇಳದೆ ಹೋಗಿಬಿಟ್ಟರು. ಮೊನ್ನೆ ಜನಗಣತಿಯವನು ಮನೆಗೆ ಬಂದಿದ್ದ. ನನ್ನ ವಯಸ್ಸು ಕೇಳಿದ, ಮೇಷ್ಟ್ರು ಬರೆದದ್ದನ್ನೇ ಹೇಳಿದೆ. "ಅಮ್ಮಾವ್ರದ್ದು?" ಅಂದ. ಗೌರಮ್ಮ ಒಳಗಿಂದಲೇ, "ಇವರಿಗಿಂತ ಚಿಕ್ಕೋಳು ಅಂತ ಬರ್ಕೊಳ್ಳಪ್ಪ, ಅಂಕಿ ನೀನೇ ಹಾಕ್ಕೋ" ಅಂದಳು. ಅವನು ಹೋದ ಮೇಲೆ ಸುಮ್ಮನೆ ಕೇಳಿದೆ, "ಅಲ್ಲ ಕಣೇ, ನಿನಗೆ ನಿಜವಾಗಿ ಎಷ್ಟು?"

"ನಮ್ಮ ಮಾವ ಅವತ್ತೇ ಹೇಳಿರ್ಲಿಲ್ವಾ, ಹದಿನೆಂಟು ಅಂತ?"

"ಅದು ಅವತ್ತಿನ ಮಾತು."

"ಅವತ್ತು ಮಾತ್ರ ಹದಿನೆಂಟೇ ಅಂತ ಯಾರು ನೋಡಿದ್ರು?" ಅಂತ ಹೇಳಿ ಅಡುಗೆಮನೆಗೆ ಹೋದಳು.

ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಹೌದಲ್ಲ! ಅಷ್ಟು ಗಲಾಟೆ ಮಾಡಿ, ಗದ್ದ ಹಿಡಿದು, ಕೆನ್ನೆ ಎಳೆದು, ದಂಡಿನವರೆಗೆ ಹೋಗಿ ಹಲ್ಲು ಕೀಳಿಸಿ ವಯಸ್ಸು ನೋಡಿದ್ದು ನನ್ನದನ್ನು. ಹುಡುಗಿಯ ವಯಸ್ಸು ಯಾವ ಕೆರೆಯ ಯಾವ ಕೋಡಿಯದು ಅಂತ ನಮ್ಮ ಕಡೆಯವರು ಯಾರೂ ಕೇಳಲೇ ಇಲ್ಲ. ಕೇಳುವುದಕ್ಕೆ ಆ ಮಹಾರಾಯರು ಪುರುಸೊತ್ತು ಕೊಟ್ಟಿದ್ದರೆ ತಾನೆ? ಬೇಸರವೇನೂ ಆಗಲಿಲ್ಲ, ಅವಳಿಗೆ ಐವತ್ತಾಗಿದ್ದರೂ ಅವತ್ತು ನಾನು ಆ ಬಸ್ಸು ತಳ್ಳುತ್ತಿದ್ದೆ. "ಏನು ಯೋಚನೆ ಮಾಡ್ತಾ ಕೂತಿದ್ದೀರಿ, ಊಟಕ್ಕೆ ಬನ್ನಿ" ಅಂತ ಒಳಗಿಂದ ಕೂಗಿದಳು. "ಬಂದೆ, ನೀವು ಬಡಿಸ್ತಿರಿ" ಅಂತ ಬಾಯಿಗೆ ಬಂದುಬಿಟ್ಟಿತ್ತು.